ಟಾಕಿ ಡ್ರೈ ಐತಿ

ಅವರ ಶಿವಗಣಾರಾಧನೆಯ ಕಾರ್ಡು ಅಂಚೆಯಲ್ಲಿ ಬಂತು. 'ಶಾಂತ ಸ್ವಭಾವದವರೂ ಮಿತಭಾಷಿಗಳೂ ಆಗಿದ್ದ' ಎಂದು ಅದರಲ್ಲಿ ಅಚ್ಚಾಗಿತ್ತು. ಎರಡು ಸಲ ಓದಿದೆ. ಸತ್ತವರು ಬೇರೆ ಯಾರೋ ಇರಬೇಕು ಅನಿಸಿತು.

ಬೈಲಹೊಂಗಲದಿಂದ ಸವದತ್ತಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ಒಂದು ಪೆಟ್ರೋಲ್ ಪಂಪು. ಅದರ ಡೀಲರ್ ಅವರು. ರಸ್ತೆಯ ಈಚೆ ಬದಿಗೆ ನನ್ನ ಟೈಪಿಂಗ್ ಕ್ಲಾಸು. ಎಂಟು ಮಷೀನುಗಳು ಒಟ್ಟಿಗೆ ಕಟಕಟ ಅನ್ನುತ್ತಿದ್ದರೂ ಅವರ ದನಿ ರಸ್ತೆ ದಾಟಿ ಬಂದು ನನ್ನ ಮೇಜಿನ ಮೇಲೆ ಕೂರುತ್ತಿತ್ತು. ಹನ್ನೆರಡು ವರ್ಷ ಕೇಳಿದ್ದೇನೆ. ಅದರಲ್ಲಿ ಶಾಂತಿ ಅನ್ನುವುದು ಯಾವ ದಿನವೂ ಇರಲಿಲ್ಲ. ಅವರ ಗಂಡ ಕಿತ್ತೂರಿನ ಒಂದು ಶಾಲೆಯಲ್ಲಿ ಮಾಸ್ತರರು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಮೌನಿ. ಮಿತಭಾಷಿ ಎಂಬ ಮಾತು ಅವರಿಗೆ ಸಲ್ಲಬೇಕಾದದ್ದು. ಕಾರ್ಡಿನಲ್ಲಿ ತಪ್ಪಿ ಇವರ ಹೆಸರಿನ ಮುಂದೆ ಬಂದಿದೆ.

ಮುಖ ನನಗೆ ಸರಿಯಾಗಿ ನೆನಪಿಲ್ಲ. ಕಾರ್ಡಿನ ಫೋಟೋ ಬಂದು ಇದ್ದ ನೆನಪನ್ನೂ ಮುಚ್ಚಿಬಿಟ್ಟಿದೆ. ಇನ್ನು ಮೇಲೆ ನಾನು ನೆನೆಸಿಕೊಳ್ಳುವುದು ಆ ಫೋಟೋವನ್ನೇ. ಅದು ಮುಟ್ಟದೆ ಉಳಿದಿರುವುದು ಅವರ ಬಲ ಅಂಗೈ ಒಂದೇ. ಬೆಳಿಗ್ಗೆ ಪಂಪು ತೆರೆದ ಕೂಡಲೇ ನಳಿಕೆಯಿಂದ ನಾಲ್ಕು ಹನಿ ಪೆಟ್ರೋಲನ್ನು ಅಂಗೈಗೆ ಬಿಟ್ಟುಕೊಂಡು ಉಫ್ ಎಂದು ಊದುತ್ತಿದ್ದರು. ಪೆಟ್ರೋಲು ಹಾರಿಹೋಗಿ ಅಂಗೈ ತಣ್ಣಗೆ, ಒಣಗಿ ಉಳಿಯಬೇಕು. ಕಂಪನಿ ಕೊಟ್ಟ ಗಾಜಿನ ಜಾರು, ಅದರಲ್ಲಿ ತೇಲುವ ಸಾಂದ್ರತೆಯ ಮಾಪಕ ಎಲ್ಲ ಇದ್ದವು. ಅವನ್ನೂ ನೋಡುತ್ತಿದ್ದರು. ಆದರೆ ಮೊದಲು ಅಂಗೈ.

ಪಂಪು ಅವರಿಗೆ ಬಂದದ್ದು ತೊಂಬತ್ತರ ದಶಕದಲ್ಲಿ, ಹೆಣ್ಣುಮಕ್ಕಳಿಗೆ ಎಂದು ಮೀಸಲಿಟ್ಟ ಡೀಲರ್‌ಶಿಪ್‌ಗಳ ಪೈಕಿ. ಗಂಡನ ಮನೆಯವರು ಇವರ ಹೆಸರಿನಲ್ಲಿ ಅರ್ಜಿ ಹಾಕಿದ್ದರು. ಲೆಕ್ಕಾಚಾರ ಸರಳವಾಗಿತ್ತು: ಹೆಸರು ಸೊಸೆಯದು, ಕುರ್ಚಿ ಮೈದುನನದು. ಮೊದಲ ವಾರ ಹಾಗೆಯೇ ನಡೆಯಿತು. ಮೈದುನ ಕುರ್ಚಿಯಲ್ಲಿ ಕೂತು ಕಾಗದಗಳನ್ನು ಮನೆಗೆ ಕಳಿಸುತ್ತಿದ್ದ, ಇವರು ಒಲೆಯ ಮುಂದೆ ಕೂತು ಸಹಿ ಮಾಡುತ್ತಿದ್ದರು. ಎಂಟನೆಯ ದಿನ ಇವರೇ ಪಂಪಿಗೆ ಬಂದರು. ಇಲ್ಲಿಂದ ಎರಡು ಕಥೆಗಳಿವೆ. ಪಂಪಿನ ಹುಡುಗರು ಹೇಳುವಂತೆ, ಏನೂ ಮಾತಾಡದೆ ಕುರ್ಚಿಯ ಪಕ್ಕ ಅರ್ಧ ದಿನ ನಿಂತರು, ಮೈದುನ ತಡೆಯಲಾಗದೆ ಎದ್ದ. ಅವರೇ ನನಗೆ ಹೇಳಿದ್ದು ಬೇರೆ; ಮೈದುನನಿಗೆ ಹೀಗೆ ಅಂದರಂತೆ: "ತಮ್ಮಾ, ಒಲಿ ಮುಂದ ಕುಂತ ಸಹಿ ಮಾಡಿದ್ರ ಕಾಗದಕ್ಕ ಹೊಗಿ ಹತ್ತತೈತಿ. ಇಲ್ಲೇ ಕುಂತ ಮಾಡತೇನಿ, ಏಳು." ಮೊದಲನೆಯದು ನಡೆದಿರುವ ಸಾಧ್ಯತೆ ಕಡಿಮೆ. ಅರ್ಧ ದಿನ ಮಾತಾಡದೆ ಇರುವುದು ಅವರ ಕೈಲಾಗದ ಕೆಲಸ.

ಊರೆಲ್ಲ ಅವರನ್ನು ಅಕ್ಕಾರ ಎನ್ನುತ್ತಿತ್ತು, ಅವರಿಗಿಂತ ಹಿರಿಯರೂ ಕೂಡ. ಹೂಲಿಯಿಂದ ಒಬ್ಬ ರೈತರು ಹಳೆಯ ಫಟಫಟಿಯಲ್ಲಿ ಬರುತ್ತಿದ್ದರು. ಅಕ್ಕಾರ ಅವರಿಗೆ ಕಾಕಾ ಎನ್ನುತ್ತಿದ್ದರು. ಕಾಕಾನಿಗೆ ಪೆಟ್ರೋಲಿಗಿಂತ ಅಕ್ಕಾರನ್ನು ಕೆಣಕುವುದು ಮುಖ್ಯ.

"ಅಕ್ಕಾರ, ನಿಮ್ಮ ಮೀಟರ ಓಡಾಕ ಹತ್ತೈತಿ, ಪೆಟ್ರೋಲ ಮಾತ್ರ ನಡಕೊಂಡ ಬರಾಕ ಹತ್ತೈತಿ ನೋಡ್ರಿ."

ಅಕ್ಕಾರ ಎದ್ದು ಬಂದು, ಐದು ಲೀಟರಿನ ಅಳತೆಯ ಕ್ಯಾನು ತಂದು, ಕಾಕಾನ ಕಣ್ಣೆದುರಿಗೆ ತುಂಬಿಸಿ, ಗೆರೆಗೆ ಸರಿ ಬಂದದ್ದನ್ನು ತೋರಿಸಿ, "ಕಣ್ಣ ತೋರಸ್ಕೊಂಡ ಬರ್ರಿ ಕಾಕಾ, ಮೀಟರ ನೆಟ್ಟಗೈತಿ" ಎನ್ನುತ್ತಿದ್ದರು. ಕಾಕಾ ತಿಂಗಳಿಗೊಮ್ಮೆಯಾದರೂ ಅದೇ ಮಾತು ಹೇಳುತ್ತಿದ್ದರು, ಅಕ್ಕಾರ ಪ್ರತಿ ಸಲ ಕ್ಯಾನು ತರುತ್ತಿದ್ದರು. ಇಬ್ಬರಿಗೂ ಬೇಸರವಾದಂತೆ ಕಾಣಲಿಲ್ಲ.

ಅವರ ತವರು ರಾಮದುರ್ಗ ತಾಲೂಕಿನ ಕಟಕೋಳ. ಓದಿದ್ದು ಮ್ಯಾಟ್ರಿಕ್‌ವರೆಗೆ. ಕಂಪನಿಯಿಂದ ಬರುವ ಕಾಗದಗಳೆಲ್ಲ ಇಂಗ್ಲಿಷು. ಅಕ್ಷರ ಓದಬಲ್ಲರು, ಅರ್ಥದ ಬಗ್ಗೆ ಅನುಮಾನ. ಹಾಗಾಗಿ ಪ್ರತಿ ಸುತ್ತೋಲೆಯನ್ನೂ ರಸ್ತೆ ದಾಟಿಸಿ ನನ್ನ ಮೇಜಿಗೆ ತರುತ್ತಿದ್ದರು. "ಓದ್ರಿ ಮಾಸ್ತರ. ಕನ್ನಡದಾಗ ಓದ್ರಿ." ನಾನು ಒಂದೊಂದೇ ವಾಕ್ಯ ಓದಿ ಹೇಳಬೇಕು. ಪೂರ್ತಿ ಕೇಳದೆ ಸಹಿ ಹಾಕಿದ್ದಿಲ್ಲ.

ಎರಡು ಸಾವಿರದ ಮೂರರಲ್ಲಿ ಸರಕಾರದ ಹೊಸ ನಿಯಮ ಬಂತು. ನಮ್ಮ ರಾಜ್ಯವೂ ಸೇರಿ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ನೂರಕ್ಕೆ ಐದು ಪಾಲು ಎಥನಾಲ್ ಬೆರೆಸಬೇಕು. ಎಥನಾಲ್ ಎಂದರೆ ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಬೆರೆಸುವ ಕೆಲಸ ಡಿಪೋದಲ್ಲಿ, ಮಾರುವುದು ಪಂಪಿನಲ್ಲಿ. ಗಿರಾಕಿಗೆ ತಿಳಿಸಬೇಕು ಎಂದು ನಮಗೆ ಬಂದ ಯಾವ ಕಾಗದದಲ್ಲೂ ಇರಲಿಲ್ಲ. ಆದರೂ ಊರಿಗೆ ಸುದ್ದಿ ಮುಟ್ಟಿತು. ಕಾಕಾ ಬಂದೇ ಬಂದರು.

"ಏನ್ರೀ ಅಕ್ಕಾರ, ಹಣಿಗಿ ವಿಭೂತಿ ಹಚಗೊಂಡ ಸೆರೆ ಮಾರಾಕ ನಿಂತೀರಿ?"

"ಗಾಡಿಗಿ ಹೊಯ್ಯಾಕ ಹತ್ತೇನ್ರಿ ಕಾಕಾ, ನಿಮ್ಮ ಬಾಯಿಗಲ್ಲ. ಬಾಯಿ ಮುಚ್ಚಿ ಟಾಕಿ ಮುಚ್ಚಳ ತಗೀರಿ."

ಅವರಿಗೆ ಆ ನಿಯಮದ ಮೇಲೆ ಸಿಟ್ಟಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಅವರ ಮೇಲೆ ಬಂದ ಆರೋಪವೇ ಅದು. "ನಮ್ಮ ಹೊಲದ ಕಬ್ಬಿನ್ಯಾಗ ಗಾಡಿ ಓಡತೈತಿ ಅಂದ್ರ ಛಲೋ ಆತಲ್ರಿ. ಅರಬರ ಮುಂದ ಕೈ ಒಡ್ಡೂದು ಐದು ಪಾಲಾದ್ರೂ ಕಡಿಮಿ ಆತು" ಎಂದು ನನ್ನ ಕ್ಲಾಸಿನ ಹುಡುಗಿಯರಿಗೆಲ್ಲ ಕೇಳುವಂತೆ ಹೇಳಿದ್ದರು.

ಬೆರಕೆ ಪೆಟ್ರೋಲಿನ ಮೊದಲ ಟ್ಯಾಂಕರು ಬರುವ ಮುಂಚೆ ಒಂದು ಸುತ್ತೋಲೆ ಬಂತು. ಅದನ್ನೂ ನಾನೇ ಓದಿದೆ. ಅದರಲ್ಲಿ ಒಂದು ಸಾಲು: ಮಾಲು ಇಳಿಸಿಕೊಳ್ಳುವ ಮುನ್ನ ನೆಲದಡಿಯ ಟಾಕಿಗಳು ಡ್ರೈ ಇರತಕ್ಕದ್ದು, ಹಾಗಿವೆ ಎಂದು ಡೀಲರ್ ಸಹಿ ಮಾಡಿಕೊಡತಕ್ಕದ್ದು.

ಆ ಸಾಲನ್ನು ನಾನು ಯಾವ ಮಾತಿನಲ್ಲಿ ಹೇಳಿದೆ? 'ಟಾಕಿಯಲ್ಲಿ ನೀರಿನ ಪಸೆ ಇರಬಾರದು' ಎಂದು ಬಿಡಿಸಿ ಹೇಳಿದೆನೋ, 'ಟಾಕಿ ಡ್ರೈ ಇರಬೇಕಂತ್ರಿ' ಎಂದು ಮುಗಿಸಿದೆನೋ? ಬಿಡಿಸಿ ಹೇಳಿದೆ ಎಂದು ಎಷ್ಟೋ ವರ್ಷ ನಂಬಿದ್ದೆ. ಬೇಕಾದ ನೆನಪನ್ನು ಮನಸ್ಸು ತಾನೇ ಟೈಪು ಮಾಡಿಕೊಳ್ಳುತ್ತದೆ, ತಪ್ಪೇ ಇಲ್ಲದ ಪ್ರತಿ. ನಿಜವಾಗಿ ಡ್ರೈ ಎಂದೇ ಹೇಳಿರಬೇಕು. ಆ ಹೊತ್ತು ಇಂಗ್ಲಿಷ್ ಪರೀಕ್ಷೆಯ ಬ್ಯಾಚು ಕಾಯುತ್ತಿತ್ತು, ಮತ್ತು ಡ್ರೈ ಎನ್ನುವುದು ಯಾರಿಗೆ ತಿಳಿಯದ ಮಾತು?

ಪಂಪಿನವರಿಗೆ ಅದು ಬಹಳ ಚೆನ್ನಾಗಿ ತಿಳಿಯುವ ಮಾತು. ಅಷ್ಟೇ, ಅರ್ಥ ಬೇರೆ. ಪಂಪಿನಲ್ಲಿ ಡ್ರೈ ಎಂದರೆ ಮಾಲು ಖಾಲಿ. ಟ್ಯಾಂಕರು ಬರುವುದು ತಡವಾದರೆ ಹುಡುಗರು ದೂರದಿಂದಲೇ ಕೈಯಾಡಿಸಿ 'ಡ್ರೈ ಐತಿ, ಮುಂದ ಹೋಗ್ರಿ' ಎಂದು ಕೂಗುತ್ತಾರೆ.

ಅಕ್ಕಾರ ಕಾಗದ ಹೇಳಿದ್ದನ್ನು ಅಕ್ಷರಶಃ ಮಾಡಿದರು. ಪಂಪು ಗೊರಗೊರ ಎಂದು ಬರೀ ಗಾಳಿ ಎಳೆಯುವ ತನಕ ಇದ್ದ ಪೆಟ್ರೋಲನ್ನು ಮಾರಿದರು. ಎರಡು ದಿನ ಬಂದ ಗಿರಾಕಿಯನ್ನೆಲ್ಲ ವಾಪಸು ಕಳಿಸಿದರು. "ಟಾಕಿ ಡ್ರೈ ಐತಿ" ಎಂದು ಸಹಿ ಮಾಡಿದರು. ಟ್ಯಾಂಕರು ಬಂತು, ಸುರಿಯಿತು.

ಆದರೆ ಎಳೆಯುವ ಕೊಳವೆ ಟಾಕಿಯ ತಳ ಮುಟ್ಟುವುದಿಲ್ಲ. ಅದರ ಕೆಳಗೆ ಎರಡು ಬೆರಳಿನಷ್ಟು ನೀರು ವರ್ಷಾನುಗಟ್ಟಲೆ ನಿಂತಿರುತ್ತದೆ. ಪೆಟ್ರೋಲು ನೀರಿನ ಜೊತೆ ಸೇರದೆ ಮೇಲೆ ತೇಲುತ್ತದೆ, ಆದ್ದರಿಂದ ಅಷ್ಟು ದಿನ ಆ ನೀರಿನಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಸ್ಪಿರಿಟ್ ಹಾಗಲ್ಲ. ನೀರು ಕಂಡರೆ ಪೆಟ್ರೋಲನ್ನು ಬಿಟ್ಟು ನೀರಿನ ಕಡೆ ಹೋಗುತ್ತದೆ. ಎರಡೂ ಸೇರಿ ತಳದ ಪದರ ಏರುತ್ತದೆ, ಕೊಳವೆಯ ಬಾಯಿಗೆ ಬರುತ್ತದೆ.

ಮೂರನೆಯ ದಿನ ಕಾಕಾ ಬೆವರು ಸುರಿಸುತ್ತ ಗಾಡಿ ತಳ್ಳಿಕೊಂಡು ಬಂದರು.

"ಅಕ್ಕಾರ, ನಿಮ್ಮ ಸೆರೆ ಕುಡದ ಗಾಡಿ ದಾರಿಯಾಗ ಮಲಗಿಬಿಡ್ತು. ನೀರ ಹಾಕೀರಿ ನೀವು."

ನೀರು ಎಂಬ ಮಾತು ಪಂಪಿನ ಅಂಗಳದಲ್ಲಿ ಹೇಳಬಾರದ ಬೈಗುಳ. ಅಕ್ಕಾರ ಕುರ್ಚಿಯಿಂದ ಎದ್ದ ರಭಸಕ್ಕೆ ಮೇಜಿನ ಮೇಲಿದ್ದ ಪುಸ್ತಕ ಕೆಳಗೆ ಬಿತ್ತು. ನಳಿಕೆ ಎತ್ತಿ ಅಂಗೈಗೆ ಬಿಟ್ಟುಕೊಂಡರು, ಊದಿದರು. ಮತ್ತೆ ಊದಿದರು. ಬೆಳಿಗ್ಗೆ ಒಣಗಿದ್ದ ಅಂಗೈ ಈಗ ಒದ್ದೆಯಾಗಿಯೇ ಇತ್ತು. ಮೂಗಿನ ಹತ್ತಿರ ತಂದು ಮುಖ ಹಿಂದಕ್ಕೆ ತೆಗೆದರು. ಒಂದು ಬಿಳಿ ಗಾಜಿನ ಬಾಟಲಿಗೆ ತುಂಬಿಸಿ ಬಿಸಿಲಿಗೆ ಹಿಡಿದರು. ಮೇಲೆ ಒಂದು ಬಣ್ಣ, ಕೆಳಗೆ ಒಂದು ಬಣ್ಣ, ನಡುವೆ ಕೂದಲೆಳೆಯಂಥ ಗೆರೆ.

"ಖರೇ ಅಂದ್ರಿ ಕಾಕಾ" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹುಡುಗರಿಂದ ಅಡ್ಡ ಹಗ್ಗ ಕಟ್ಟಿಸಿ ಪಂಪು ಮುಚ್ಚಿಸಿದರು. ಗಲಾಟೆ ಕೇಳಿ ರಸ್ತೆ ದಾಟಿ ಬಂದಿದ್ದ ನನ್ನಿಂದ ಸುತ್ತೋಲೆಯನ್ನು ಮತ್ತೆ ಓದಿಸಿದರು. ಡ್ರೈ ಎಂಬ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಅದಕ್ಕ ಕನ್ನಡದಾಗ ಏನ?"

"ಒಣಗಿರಬೇಕು ಅಂತ್ರಿ. ನೀರು ಇರಬಾರದು ಅಂತ."

ನನ್ನ ಕೈಯಿಂದ ಕಾಗದ ಇಸಿದುಕೊಂಡು ಮಡಿಸಿಟ್ಟರು. 

ಮೈದುನ ಓಡಿ ಬಂದ. "ವೈನಿ, ಹಗ್ಗ ಬಿಚ್ಚಸ್ರಿ. ಇನ್ನೊಂದ ಟ್ಯಾಂಕರ ತರಸಿ ಇದರಾಗ ಹಾಕಿದ್ರ ಎಲ್ಲಾ ತೆಳ್ಳಗಾಗಿ ಹೋಗತೈತಿ. ಯಾರಿಗಿ ತಿಳೀತೈತಿ?"

"ನನಗ ತಿಳದೈತಲ್ಲ ತಮ್ಮಾ."

"ಕಂಪನಿಗಿ ಗೊತ್ತಾದ್ರ ಡೀಲರ್‌ಶಿಪ್ ಹೋಗತೈತ್ರಿ!"

"ಹೆಸರ ನಂದು. ಹೋದ್ರ ನಂದ ಹೋಗತೈತಿ."

ಮರುದಿನ ಬೋರ್ಡು ಬಂತು. ಪೇಂಟರನ ಹತ್ತಿರ ತಾವೇ ನಿಂತು ಒಂದೊಂದು ಅಕ್ಷರ ಹೇಳಿ ಬರೆಸಿದ್ದು: 'ಈ ಪೆಟ್ರೋಲಿನಾಗ ಐದು ಪಾಲು ಕಬ್ಬಿನ ಸ್ಪಿರಿಟ್ ಐತಿ. ಸರಕಾರದ ನಿಯಮ. ಇದಕ್ಕ ನೀರು ಆಗೂದಿಲ್ಲ. ನಮ್ಮ ಟಾಕಿಯಾಗ ನೀರು ಇತ್ತು. ತಪ್ಪು ನಮ್ಮದು. ನಿಮ್ಮ ಟಾಕಿನೂ ನೋಡ್ಕೋರಿ.' ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು. ನಿಂತುಹೋಗಿದ್ದ ಗಾಡಿಗಳನ್ನೆಲ್ಲ ಮೆಕ್ಯಾನಿಕನಿಂದ ಬಿಚ್ಚಿಸಿ ತೊಳೆಸಿಕೊಟ್ಟರು.

ಬೆಳಗಾವಿಯಿಂದ ಕಂಪನಿಯ ಅಧಿಕಾರಿ ಬಂದರು, ಮೈಸೂರು ಕಡೆಯ ಹುಡುಗ, ಮರ್ಯಾದಸ್ಥ. ಬಾಟಲಿ ನೋಡಿ ತಲೆಯಾಡಿಸಿದರು. ಬೋರ್ಡು ನೋಡಿ ಬೆವರಿದರು.

"ಮೇಡಂ, ತಳದಲ್ಲಿರೋದನ್ನ ತೆಗೆಸಿಬಿಡೋಣ, ನಾನೇ ಲಾರಿ ಕಳಿಸ್ತೀನಿ. ಆದ್ರೆ ಈ ಬೋರ್ಡ್ ಬೇಡ. ಸ್ಕೀಮ್‌ಗೆ ಕೆಟ್ಟ ಹೆಸರು ಬರುತ್ತೆ. ಜನ ಹೆದರ್ಕೋತಾರೆ."

"ಹೆದರಲಿ ಬಿಡ್ರಿ ಸಾಹೇಬ್ರ. ಹೆದರಿದಾವ ಟಾಕಿ ತಗದ ನೋಡತಾನ. ಹೇಳದ ಮುಚ್ಚಿಟ್ಟಿದ್ದಕ್ಕ ಹೆಸರ ಕೆಡತೈತಿ, ಹೇಳಿದ್ದಕ್ಕಲ್ಲ."

"ಬೋರ್ಡ್ ಹಾಕಬೇಕು ಅಂತ ರೂಲ್ ಇಲ್ಲ ಮೇಡಂ."

"ಹಾಕಬಾರದು ಅಂತ ಐತೇನ್ರಿ? ಇದ್ರ ತೋರಸ್ರಿ. ಕನ್ನಡದಾಗ ತೋರಸ್ರಿ."

 ಕಂಪನಿಯ ಲಾರಿ ಬಂದು ಕೆಟ್ಟ ಮಾಲನ್ನು ಒಯ್ದಿತು, ಅದರ ಹಿಂದೆಯೇ ನೋಟೀಸು ಬಂತು. ಟಾಕಿ ಡ್ರೈ ಎಂದು ಸುಳ್ಳು ಸಹಿ ಮಾಡಿದ್ದೀರಿ, ಸರಕಾರದ ಕಾರ್ಯಕ್ರಮಕ್ಕೆ ಅಪಪ್ರಚಾರ ಮಾಡಿದ್ದೀರಿ, ಡೀಲರ್‌ಶಿಪ್ ಯಾಕೆ ರದ್ದು ಮಾಡಬಾರದು, ವಿಚಾರಣೆ ಮುಗಿಯುವವರೆಗೆ ಮಾಲು ಇಲ್ಲ. ಮೈದುನ ಅದೇ ವಾರ ಡೀಲರ್‌ಶಿಪ್ ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಕಂಪನಿಗೆ ಅರ್ಜಿ ಬರೆದ. ಅದನ್ನು ಟೈಪು ಮಾಡಿಸಲು ನನ್ನ ಹತ್ತಿರ ಬರಲಿಲ್ಲ, ಕಿತ್ತೂರಿಗೆ ಹೋಗಿದ್ದ.

ಆ ದಿನಗಳಲ್ಲಿ ಅಕ್ಕಾರ ರಜೆ ಮಾಡಲಿಲ್ಲ. ದಿನಾ ಪಂಪು ತೆರೆದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದರು. ಟಾಕಿಗೆ ಜನ ಇಳಿಸಿ ತಳದ ರಾಡಿ ಬಾಚಿಸಿದರು, ಹಳೆಯ ಬಟ್ಟೆಯಿಂದ ಒರೆಸಿದರು, ಗಾಳಿಗೆ ಬಿಟ್ಟರು. "ಈಗ ಎರಡೂ ಅರ್ಥದಾಗ ಡ್ರೈ ಐತಿ ನೋಡ್ರಿ" ಎಂದು ರಸ್ತೆಯಾಚೆಯಿಂದ ನನಗೆ ಕೂಗಿದರು. ನಗುತ್ತಿದ್ದರೋ ಇಲ್ಲವೋ ಅಷ್ಟು ದೂರದಿಂದ ತಿಳಿಯಲಿಲ್ಲ.

ವಿಚಾರಣೆ ಪಂಪಿನ ಆಫೀಸಿನಲ್ಲೇ ನಡೆಯಿತು. ಹಿರಿಯ ಅಧಿಕಾರಿ ಒಬ್ಬರು, ಮೈಸೂರಿನ ಹುಡುಗ, ಮೈದುನ, ಅಕ್ಕಾರ. ಹೇಳಿಕೆ ಬರೆದುಕೊಳ್ಳಲು ನಾನು, ಕನ್ನಡ ಮಷೀನಿನ ಜೊತೆ. ಹಿರಿಯರು ಇಂಗ್ಲಿಷಿನಲ್ಲಿ ಇರಲಿ ಎಂದಿದ್ದರು. "ನಾ ಕನ್ನಡದಾಗ ಮಾತಾಡತೇನಿ, ಮಷೀನ ಇಂಗ್ಲೀಷಿನಾಗ ಕೇಳಸ್ಕೋತೈತೇನ್ರಿ?" ಎಂದು ಅಕ್ಕಾರ ಕೇಳಿದ್ದಕ್ಕೆ ಕನ್ನಡ ಮಷೀನು ಬಂದಿತ್ತು.

ಹಿರಿಯರು ಕೆಟ್ಟವರಲ್ಲ. ಪ್ರಕರಣ ಮುಗಿಸಿ ಊಟದ ಹೊತ್ತಿಗೆ ಬೆಳಗಾವಿ ಸೇರಬೇಕಿತ್ತು. "ಅಮ್ಮಾ, ಸುತ್ತೋಲೆ ನಿಮಗೆ ಅರ್ಥ ಆಗಿರಲಿಲ್ಲ ಅಲ್ಲವೇ? ಯಾರು ಓದಿ ಹೇಳಿದ್ದು?"

ಮೈದುನ ನನ್ನ ಕಡೆ ಬೆರಳು ತೋರಿಸಿದ. "ಈ ಮಾಸ್ತರನ ಓದಿದ್ದು ಸಾಹೇಬ್ರ. ತಪ್ಪು ಅವಂದ. ಹಂಗಂತ ಬರಕೊಂಡ ಮುಗಸ್ರಿ."

ಹಿರಿಯರ ಮುಖ ಅರಳಿತು. "ಒಳ್ಳೇದಾಯ್ತು. ಮೂರನೆಯವರು ತಪ್ಪಾಗಿ ಓದಿ ಹೇಳಿದ್ದರಿಂದ ಹೀಗಾಯ್ತು ಅಂತ ನೀವು ಹೇಳಿಕೆ ಕೊಟ್ಟರೆ, ಎಚ್ಚರಿಕೆ ಕೊಟ್ಟು ಬಿಟ್ಟುಬಿಡ್ತೀವಿ. ನಾಳೆಯೇ ಮಾಲು ಕಳಿಸ್ತೀವಿ."

ನನ್ನ ಬೆರಳುಗಳು ಕೀಲಿಗಳ ಮೇಲಿದ್ದವು. ಆಗ ನಾನೇ ಎದ್ದು 'ಹೌದು, ಓದಿದ್ದು ನಾನು' ಎಂದೆ ಎಂದು ಇಲ್ಲಿ ಬರೆಯಲು ಕೈ ತುಡಿಯುತ್ತಿದೆ. ಅನ್ನಲಿಲ್ಲ. ಕ್ಲಾಸಿಗೆ ಬರುವ ಹುಡುಗಿಯರು, ಅವರ ಅಪ್ಪಂದಿರು, ಇಂಗ್ಲಿಷ್ ಬಾರದ ಮಾಸ್ತರ ಎಂಬ ಹೆಸರು. ತಲೆ ತಗ್ಗಿಸಿ ಕಾಗದದ ಅಂಚು ಸರಿ ಮಾಡುತ್ತ ಕೂತೆ.

ಅಕ್ಕಾರ ಕುರ್ಚಿಯಲ್ಲಿ ನೆಟ್ಟಗಾದರು.

"ಬರೀರಿ ಮಾಸ್ತರ. ಕಾಗದ ಇಂಗ್ಲೀಷಿನಾಗ ಇತ್ತು. ಡ್ರೈ ಅಂತ ಇತ್ತು. ಈ ಜಿಲ್ಲಾದಾಗ ಯಾವ ಪಂಪಿಗಿ ಹೋಗಿ ಕೇಳಿದ್ರೂ ಡ್ರೈ ಅಂದ್ರ ಖಾಲಿ. ನಾ ಖಾಲಿ ಮಾಡೇನಿ. ಅದಕ್ಕ ಸಹಿ ಮಾಡೇನಿ. ಸುಳ್ಳ ಸಹಿ ಅಲ್ಲ. ಟಾಕಿಯಾಗಿನ ನೀರ ತಗೀರಿ ಅಂತ ಕನ್ನಡದಾಗ ಒಂದ ಸಾಲ ಬರದಿದ್ರ ತಗೀತಿದ್ದೆ. ಇನ್ನ ಮುಂದ ಕನ್ನಡದಾಗ ಬರದ ಕಳಸ್ರಿ. ಬೋರ್ಡ ತಗಿಯೂದಿಲ್ಲ."

"ಅಮ್ಮಾ, ಇದರಿಂದ ನಿಮಗೇ ನಷ್ಟ. ಓದಿ ಹೇಳಿದ್ದು ಯಾರು ಅಂತ..."

"ಓದಿದ್ದು ಯಾರ ಅಂತ ಕೇಳಬ್ಯಾಡ್ರಿ. ಬರದಾವ ಯಾರ ಅಂತ ಕೇಳ್ರಿ."

ನಾನು ಟೈಪು ಮಾಡಿದೆ. ಅಕ್ಕಾರ ಓದಿ, ಒಂದು ಕಡೆ ನಾನು ವ್ಯಾಕರಣಕ್ಕೆಂದು 'ಮಾಡಿದ್ದೇನೆ' ಎಂದು ತಿದ್ದಿದ್ದನ್ನು ಹೊಡೆದುಹಾಕಿ, ಪೆನ್ನಿನಿಂದ 'ಮಾಡೇನಿ' ಎಂದು ಬರೆದು ಸಹಿ ಹಾಕಿದರು.

ಆಮೇಲೆ ಇಪ್ಪತ್ತೆರಡು ದಿನ ಮಾಲು ಬರಲಿಲ್ಲ. ಎಣಿಸಿದ್ದು ನಾನಲ್ಲ, ಕಾಕಾ. ಅವರು ಎಲ್ಲೂ ಪೆಟ್ರೋಲು ಹಾಕಿಸದೆ ಸೈಕಲ್ಲಿನಲ್ಲಿ ಓಡಾಡಿದರಂತೆ. ಇದನ್ನು ಕಾಕಾನೇ ಹೇಳಿದ್ದರಿಂದ ಅರ್ಧ ನಂಬಬಹುದು. ಇಪ್ಪತ್ತೆರಡನೆಯ ದಿನ ಕಾಗದ ಬಂತು, ಇಂಗ್ಲಿಷಿನಲ್ಲೇ. ನಾನು ಈ ಸಲ ಪ್ರತಿ ಪದವನ್ನೂ ಬಿಡಿಸಿ ಓದಿದೆ. ಎಚ್ಚರಿಕೆ ಕೊಡಲಾಗಿದೆ, ಡೀಲರ್‌ಶಿಪ್ ಮುಂದುವರಿಯುತ್ತದೆ, ಮೈದುನನ ಅರ್ಜಿ ತಿರಸ್ಕೃತ, ಮತ್ತು ಬೋರ್ಡು ಕಂಪನಿ ಒಪ್ಪಿದ ನಮೂನೆಯಲ್ಲಿ ಇರತಕ್ಕದ್ದು.

"ತಗೀರಿ ಅಂತ ಬರದೈತೇನ್ರಿ?"

"ಇಲ್ರಿ. ನಮೂನೆ ಕಳಿಸ್ತಾರಂತ."

"ಅದು ಬರೂತನಕ ಇದ ನಿಂದರಲಿ."

ನಮೂನೆ ಬರಲೇ ಇಲ್ಲ. ಮುಂದೆ ಕಬ್ಬು ಕಡಿಮೆಯಾಗಿ ಸ್ಪಿರಿಟ್ ಸಿಗದೆ ಸರಕಾರವೇ ನಿಯಮ ಸಡಿಲಿಸಿತು, ಕೆಲವು ವರ್ಷದ ಮೇಲೆ ಮತ್ತೆ ಬಿಗಿ ಮಾಡಿತು. ಅಕ್ಕಾರ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ 'ಈಗ ಸ್ಪಿರಿಟ್ ಇಲ್ಲ' ಎಂದು ಬರೆಯುವರು, ಅಳಿಸುವರು. 'ತಪ್ಪು ನಮ್ಮದು' ಎಂಬ ಸಾಲಿಗೆ ಮಾತ್ರ ಕೈ ಹಚ್ಚಲಿಲ್ಲ. ಒಮ್ಮೆ ಬಣ್ಣ ಮಾಸಿದಾಗ ಪೇಂಟರನನ್ನು ಕರೆಸಿ ಅದನ್ನೇ ಮತ್ತೆ ದಪ್ಪ ಮಾಡಿಸಿದರು.

ಎಚ್ಚರಿಕೆಯ ಕಾಗದ ಬಂದ ಮರುದಿನ ಟ್ಯಾಂಕರು ಬಂತು. ಅಂಗಳದಲ್ಲಿ ಹತ್ತಾರು ಗಾಡಿಗಳು ಸಾಲುಗಟ್ಟಿದ್ದವು. ನಾನು ರಸ್ತೆ ದಾಟಿ ಹೋದೆ. ಅಷ್ಟು ದಿನ ಕೇಳದೆ ಉಳಿದದ್ದನ್ನು ಕೇಳಿದೆ.

"ಅಕ್ಕಾರ, ಅವತ್ತು ನನ್ನ ಹೆಸರ ಹೇಳಿಬಿಟ್ಟಿದ್ರ ಮರುದಿನಾನ ಮಾಲು ಬರತಿತ್ತಲ್ರಿ. ನನ್ನ ಮ್ಯಾಲಿನ ಕನಿಕರಕ್ಕ ಇಷ್ಟ ದಿನ..."

"ನಿಮ್ಮ ಮ್ಯಾಲ ಕನಿಕರ?" ಅಕ್ಕಾರ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಮ್ಯಾಲ ಸಿಟ್ಟ ಇನ್ನೂ ಐತ್ರಿ ಮಾಸ್ತರ, ಅದು ನಮ್ಮ ನಿಮ್ಮೊಳಗಿಂದು. ನಿಮ್ಮ ಹೆಸರ ಹೇಳಿದ್ರ ನಿಮ್ಮ ಹೆಸರಿನ್ಯಾಗ ಆ ಇಂಗ್ಲೀಷ ಕಾಗದ ಪಾರಾಗಿ ಹೋಗತಿತ್ತು. ನಾ ಅದನ್ನ ಬಿಡಾಕ ತಯಾರ ಇರಲಿಲ್ಲ."

 ಅಷ್ಟು ಹೇಳಿ ನನ್ನನ್ನು ಸರಿಸಿ ಮುಂದೆ ಹೋದರು. ಟ್ಯಾಂಕರಿನ ಡ್ರೈವರು ಪೈಪನ್ನು ಟಾಕಿಯ ಬಾಯಿಗೆ ಜೋಡಿಸುತ್ತಿದ್ದ.

"ಏ ತಮ್ಮಾ, ಪೈಪ ತಗಿ ಮೊದಲ! ಬಾಟ್ಲಿ ತುಂಬಿ ಬಿಸಲಿಗೆ ಹಿಡದ ತೋರಸು. ಇವರೆಲ್ಲಾರೂ ನೋಡ್ಲಿ."